ತಲೆದಿಂಬಿನ ದಿಕ್ಕು

ಮುಂಬೈಯ ಸಾಂತಾಕ್ರೂಜಿನ ಗಲ್ಲಿಗಳಲ್ಲಿ ಬೆಳಗಿನಿಂದ ಸುತ್ತಿ, ಪ್ರತಿ ಬಿಲ್ಡಿಂಗಿನ ವಾಚ್‌ಮನ್‌ನಿಂದಲೂ “ಗಾಡಿ ಆಗೇ ಲೋ” ಅನ್ನಿಸಿಕೊಂಡು ಮುಂದೆ ಮುಂದೆ ಹೋದ ಮೇಲೆ, ಉಡುಪಿ ಕಡೆಯ ಶೆಟ್ಟರೊಬ್ಬರು ತಮ್ಮ ಹೋಟೆಲಿನ ಹಿಂದೆ ಜಾಗ ಕೊಟ್ಟರು. ವ್ಯಾನನ್ನೇ ಮನೆ ಮಾಡಿಕೊಂಡು ದೇಶ ಸುತ್ತಲು ಹೊರಟ ನನಗೂ ಹೆಂಡತಿ ಸುಮತಿಗೂ ಈ ಊರಲ್ಲಿ ಸಿಕ್ಕಿದ್ದು ಕಸದ ಡ್ರಮ್ಮಿಗೂ ಗೋಡೆಗೂ ನಡುವಿನ ಸಂದು. ಚಾವಣಿಯ ಸೋಲಾರಿಗೆ ಬಿಸಿಲಿಲ್ಲ, ಫ್ಯಾನು ತೂಕಡಿಸುತ್ತಿತ್ತು. ಮಧ್ಯಾಹ್ನ ಒಂದು ನಿದ್ದೆಯಾದರೆ ಸಾಕೆಂದು ಹಾಸಿಗೆಗೆ ಬಿದ್ದೆವು.

ಶೆಟ್ಟರು ಕುತೂಹಲಕ್ಕೆ ಬಂದು ಇಣುಕಿದರು. ನೀರಿನ ಟ್ಯಾಂಕು, ಬ್ಯಾಟರಿ, ಒಲೆ ಎಲ್ಲವನ್ನೂ ಮೆಚ್ಚಿದವರು ಹಾಸಿಗೆ ನೋಡಿ ಗಾಬರಿಯಾದರು.

“ಎಂತ ಮಾರಾಯ್ರೆ, ಉತ್ತರಕ್ಕೆ ತಲೆ ಹಾಕಿ ಮಲಗುವುದಾ? ಗಾಡಿ ತಿರುಗಿಸಿ.”

ತಿಂಗಳುಗಟ್ಟಲೆ ಅಳೆದು, ಕೊಯ್ದು ಕಟ್ಟಿದ ಮನೆ. ಅದರ ದಿಕ್ಕು ದಿನಕ್ಕೊಂದು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ತಿರುಗಿಸೋಣವೆಂದರೆ ಹಿಂದೆ ತರಕಾರಿ ಟೆಂಪೊ ಬಂದು ನಿಂತಿತ್ತು.

ಅವರು ಹೋದ ಮೇಲೆ, “ಇದನ್ನೆಲ್ಲ ನೀನು ನಂಬಲ್ಲವಲ್ಲ?” ಎಂದೆ.

“ನಂಬಲ್ಲ. ಆದ್ರೆ ಹೇಳಿಬಿಟ್ರಲ್ಲ, ಇನ್ನು ನಿದ್ದೆ ಬರಲ್ಲ,” ಎನ್ನುತ್ತ ಸುಮತಿ ಎರಡೂ ದಿಂಬುಗಳನ್ನು ಕಾಲ ಕಡೆಗೆ ಎಸೆದಳು.

ಹಾಸಿಗೆಯ ಆ ತುದಿ ಒಲೆಕಟ್ಟೆಯ ಕೆಳಗೆ ಹೋಗುತ್ತದೆ. ಅಲ್ಲಿನ ಎತ್ತರ ಅಳೆದದ್ದು ಕಾಲಿಗೆ, ತಲೆಗಲ್ಲ. ಹಣೆ ಬಡಿಯದ ಹಾಗೆ ಇಬ್ಬರೂ ಮೆಲ್ಲಗೆ ಒಳಗೆ ಸರಿದೆವು.

“ನಾಳೆ ಯಾವ ಕಡೆ ಮುಖ ಮಾಡಿ ನಿಲ್ಲಿಸ್ತೀರಿ?” ಕಣ್ಣು ಮುಚ್ಚಿಯೇ ಕೇಳಿದಳು.

“ಜಾಗ ಸಿಕ್ಕ ಕಡೆ.”

“ಹಾಗಾದ್ರೆ ಇನ್ನೆರಡು ದಿಂಬು ತಗೊಳ್ಳಿ. ದಿನಾ ಎಸೆಯೋಕೆ ನನ್ನ ಕೈಲಾಗಲ್ಲ.”