ಗವಾಯಿಗಳಿಲ್ಲದ ಪದ್ಯ

ತೊಂಬತ್ತರ ದಶಕದಲ್ಲಿ, ಶ್ರಾವಣ ಬಂದೊಡನೆ ನಾನು ಕಲಬುರಗಿಯ ಗಾಜಿಪುರದಿಂದ ಬಸ್ಸು ಹಿಡಿದು ಕಮಲಾಪುರದ ಮಠಕ್ಕೆ ಪುರಾಣ ಹೇಳಲು ಹೋಗುತ್ತಿದ್ದೆ. ಅಲ್ಲಿನ ಕ್ರಮವೆಂದರೆ ಗವಾಯಿಗಳು ಪದ್ಯ ಹಾಡಬೇಕು, ಪುರಾಣಿಕನಾದ ನಾನು ಅರ್ಥ ಹೇಳಬೇಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕುವಂತಿಲ್ಲ. ಅವರು ಹಾಡುವಾಗ ನಾನು ಕಣ್ಣು ಮುಚ್ಚಿರುತ್ತಿದ್ದೆ. ನಾನು ಹೇಳುವಾಗ ಅವರು ಹಾರ್ಮೋನಿಯಮ್ಮಿನ ಮೇಲೆ ಕೈಯಿಟ್ಟು ಸುಮ್ಮನಿರುತ್ತಿದ್ದರು. ಮಂಗಳಕ್ಕೆ ಮುನ್ನ ತಾವೇ ಕಟ್ಟಿದ ಎರಡು ಸಾಲನ್ನು ಹಾಡುವುದು ಅವರ ರೂಢಿಯಾಗಿತ್ತು:

ಬಾವಿಯ ನೀರೊಳು ಬಾನಿಳಿದಿರಲು
ಕೊಡ ತಟ್ಟಿತು, ಕದಡಿತು ಚುಕ್ಕಿ.

ಅವರು ಲಿಂಗೈಕ್ಯರಾದ ವರುಷ ಬೇರೆ ಗವಾಯಿಗಳು ದೊರೆಯಲಿಲ್ಲ. ಪದ್ಯವನ್ನು ಓದಿ ಅರ್ಥ ಹೇಳಿದರೆ ಸಾಕೆಂದು ಮಠದವರು ಕೇಳಿಕೊಂಡರು. ಕೊನೆಯ ದಿನ ಈ ಸಾಲುಗಳನ್ನೂ ಓದಿದೆ. ಮೊದಲ ಸಾಲಿನಲ್ಲಿ ಕ, ಚ, ಟ, ತಗಳಂಥ ಗಡಸು ಅಕ್ಷರ ಒಂದೂ ಇಲ್ಲ. ಬಾ, ನೀ, ಬಾ ಎಂಬ ದೀರ್ಘಗಳಲ್ಲಿ ನೀರು ತಾನೇ ತಾನಾಗಿ ನಿಂತಿದೆ ಎಂದೆ. ಎರಡನೆಯದರಲ್ಲಿ ದೀರ್ಘವೇ ಇಲ್ಲ. ಕೊಡ ತಗುಲಿದ ಸದ್ದೇ ಅಕ್ಷರವಾಗಿದೆ ಎಂದೆ. ಶಿವನು ನಮ್ಮೊಳಗೆ ಇಳಿದೇ ಇದ್ದಾನೆ, ಮೊಗೆದುಕೊಳ್ಳುವ ಅವಸರದಲ್ಲಿ ನಾವು ಅವನನ್ನು ಕದಡುತ್ತೇವೆ ಎಂದೂ ವಿವರಿಸಿದೆ.

ಹೆಣ್ಣುಮಕ್ಕಳ ಸಾಲಿನಲ್ಲಿ ಗವಾಯಿಗಳ ಪತ್ನಿ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಜನರೆಲ್ಲ ಎದ್ದ ಮೇಲೆ ಹತ್ತಿರ ಬಂದು ನಮಸ್ಕರಿಸಿದರು.

“ಅರ್ಥ ಛಲೋ ತಿಳೀತ್ರೀ ಶಾಸ್ತ್ರಿಗಳೇ. ಪದ್ಯ ಕೇಳಿಸಲಿಲ್ಲ.”

ನನಗೆ ರಾಗ ಬಾರದೆಂದೆ.

“ಅವರಿಗೆ ನೆಗಡಿ ಬಂದಾಗೂ ಹಾಡ್ತಿದ್ದರು. ಹೆಂಗ ಬರ್ತೈತೋ ಹಂಗ ಅನ್ರಿ.”

ಆ ತಾಯಿಯ ಮಾತನ್ನು ಮೀರಲಾಗಲಿಲ್ಲ. ಅಷ್ಟು ವರುಷ ಪಕ್ಕದಲ್ಲೇ ಕೇಳಿದ ಧಾಟಿ ಮನಸ್ಸಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಶಿವನನ್ನು ನೆನೆದು ಎತ್ತಿಕೊಂಡೆ. ‘ನೀ’ ಎಂಬಲ್ಲಿ ಉಸಿರು ನಡುವೆಯೇ ಕಡಿಯಿತು. ಮತ್ತೆ ಎತ್ತಿಕೊಂಡೆ, ಮತ್ತೆ ಅಲ್ಲಿಯೇ ಕಡಿಯಿತು. ಅವರು ಹಾಡುವಾಗ ಆ ಒಂದು ಅಕ್ಷರದ ಉದ್ದಕ್ಕೂ ಮಠವೆಲ್ಲ ನಿಶ್ಚಲವಾಗಿರುತ್ತಿತ್ತು. ನನ್ನ ಕಂಠದಲ್ಲಿ ಆ ನೀರು ನಿಲ್ಲಲೇ ಇಲ್ಲ.

“ಇರಲಿ ಬಿಡ್ರೀ,” ಎಂದು ಆಕೆ ಮೆಲ್ಲಗೆ ಹೇಳಿ ಗದ್ದುಗೆಯತ್ತ ತಿರುಗಿದರು.

ಎರಡನೆಯ ಸಾಲನ್ನು, ಆ ಕೊಡ ತಟ್ಟುವ ಸಾಲನ್ನು, ಆಮೇಲೆ ಒಬ್ಬನೇ ಹಾಡಿಕೊಂಡೆ. ಅದು ಎಲ್ಲಿಯೂ ತಡೆಯದೆ, ಸಲೀಸಾಗಿ ಬಂದಿತು.