ಗಿರಿಜಾ ಮೇಡಂ ಬರೆದ ಕೊನೆಯ ಎರಡು ಪುಟ

ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡೆ. ಐವತ್ತು ದಾಟಿದವನು ಜಾರಿ ಬಿದ್ದರೆ ಯಾರೂ ನಗುವುದಿಲ್ಲ ಎಂಬುದು ಅಂದು ನನಗೆ ತಿಳಿದ ಹೊಸ ಸಂಗತಿ. ಪ್ಲಾಸ್ಟರ್ ಹಾಕಿಸಿಕೊಂಡು ದೆಹಲಿಗೆ ಅಂಟಿದ ಇಂದಿರಾಪುರಂನ ನಮ್ಮ ಹನ್ನೊಂದನೆಯ ಮಹಡಿಗೆ ಮರಳಿದ ಮೇಲೆ, ಮೈಸೂರಿನ ಅಕ್ಕನಿಗೊಂದು ಸಂದೇಶ ಕಳಿಸೆಂದು ಮಗಳ ಕೈಗೆ ಫೋನು ಕೊಟ್ಟೆ. ದೆಹಲಿಯಲ್ಲೇ ಬೆಳೆದ ಹುಡುಗಿ. ಕನ್ನಡ ಕಿವಿಗೆ ಹತ್ತಿದಷ್ಟು ನಾಲಗೆಗೆ ಹತ್ತಿಲ್ಲ.

“ಕ್ಯಾ ಲಿಖೂಂ, ಪಪ್ಪಾ?” ಎಂದಳು, ಏನು ಬರೆಯಲಿ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, “ಛೋಡೋ, ‘ನಾನು ಆರಾಮಾಗಿದ್ದೀನಿ’ ಅಂತ ಹಾಕ್ಬಿಟ್ಟೆ. ಇಲ್ಲಾಂದ್ರೆ ಅತ್ತೆ ಟೆನ್ಷನ್ ತಗೋತಾರೆ,” ಎಂದು ಕಳಿಸಿಯೂ ಬಿಟ್ಟಳು.

ಹಸಿ ಪ್ಲಾಸ್ಟರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಎಷ್ಟೋ ವರ್ಷಗಳಿಂದ ನಾನಾಗಿ ನೆನೆಯದೆ ಬಿಟ್ಟಿದ್ದ ಗಿರಿಜಾ ಮೇಡಂ ಆಗ ನೆನಪಾದರು.

ಅವರನ್ನು ಮೊದಲು ಕಂಡಾಗ ನಾನು ಮುನಿರ್ಕಾ ಬಡಾವಣೆಯ ಒಂದು ತಾರಸಿ ಕೋಣೆಯಲ್ಲಿದ್ದೆ. ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ ಎಂದು ಹೇಳಿಕೊಳ್ಳುತ್ತಿದ್ದೆ. ಆ ಸಂಶೋಧನೆ ಮುಗಿಯಲಿಲ್ಲ; ಅದರಿಂದ ಭೌತಶಾಸ್ತ್ರಕ್ಕೇನೂ ನಷ್ಟವಾದಂತಿಲ್ಲ. ಆದರೆ ಆ ದಿನಗಳ ನನ್ನ ಜಂಬ ನೀವು ನೋಡಬೇಕಿತ್ತು! ದೆಹಲಿಯ ನಮ್ಮ ಪುಟ್ಟ ಕನ್ನಡ ಬಳಗ ರಾಜ್ಯೋತ್ಸವಕ್ಕೊಂದು ಸ್ಮರಣ ಸಂಚಿಕೆ ತರುತ್ತಿತ್ತು. ಬೇರೆ ಯಾರೂ ಒಪ್ಪದ ಕಾರಣ ನಾನು ಅದರ ಸಂಪಾದಕನಾಗಿದ್ದೆ. ಸಂಪಾದಕನೆಂದರೆ ಕತ್ತರಿ ಹಿಡಿದವನು ಎಂದಷ್ಟೇ ತಿಳಿದಿದ್ದೆ.

ಮೇಡಂ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು. ನಲವತ್ತೈದರ ಆಸುಪಾಸು, ಹತ್ತಿಯ ಸೀರೆ, ಸೀಮೆಸುಣ್ಣ ಅಂಟಿದ ಬೆರಳು. ‘ಶ್ರವಣ’ ಎಂಬ ಹೆಸರಿನಲ್ಲಿ ಕರ್ನಾಟಕದ ವಾರಪತ್ರಿಕೆಗಳಿಗೆ ವೈಜ್ಞಾನಿಕ ಕಥೆ ಬರೆಯುತ್ತಿದ್ದವರು ಇವರೇ ಎಂದು ಗೊತ್ತಾದಾಗ ನಾನು ನಂಬಲಿಲ್ಲ. ಹುಡುಗನಾಗಿದ್ದಾಗ ಆ ಕಥೆಗಳನ್ನು ಓದಿ, ಶ್ರವಣ ಎಂದರೆ ಗಡ್ಡ ಬಿಟ್ಟ ವಿಜ್ಞಾನಿ ಇರಬೇಕೆಂದುಕೊಂಡಿದ್ದೆ. “ನಿನ್ನೊಬ್ಬನ ತಪ್ಪಲ್ಲ ಬಿಡಪ್ಪಾ,” ಎಂದು ನಕ್ಕಿದ್ದರು. “ಓದುಗರೆಲ್ಲ ‘ಮಾನ್ಯರೇ’ ಅಂತಲೇ ಪತ್ರ ಬರೀತಾರೆ. ಒಬ್ಬರಂತೂ ಮಗಳಿಗೆ ವರ ಹುಡುಕ್ತಿದ್ರು, ನನ್ನ ಜಾತಕ ಕೇಳಿದ್ರು!”

ಈ ಕಥೆಗಳ ಹಿಂದೆ ಏನಿತ್ತೆಂಬುದನ್ನು ಒಂದು ಚಳಿಗಾಲದ ಮಧ್ಯಾಹ್ನ ನನ್ನ ತಾರಸಿಯ ಬಿಸಿಲಿನಲ್ಲಿ ಕಡಲೆಕಾಯಿ ಸುಲಿಯುತ್ತಾ ಹೇಳಿದರು. ಎಪ್ಪತ್ತೊಂದರ ಯುದ್ಧದ ಸಮಯದಲ್ಲಿ ಅವರಿಗೆ ಹತ್ತೊಂಬತ್ತು. ತಂದೆ ಇಲ್ಲೇ ದೆಹಲಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. ಕಾಲೇಜಿನ ಹುಡುಗಿಯರೆಲ್ಲ ಸ್ವಯಂಸೇವಕಿಯರಾಗಲು ಹೆಸರು ಕೊಟ್ಟರು, ಇವರೂ ಕೊಟ್ಟರು. ಬ್ಯಾಂಡೇಜು ಸುತ್ತುವ ಕೆಲಸ ಸಿಗುತ್ತದೆಂದುಕೊಂಡಿದ್ದರು. ಕನ್ನಡ, ತೆಲುಗು, ತಮಿಳು ಬಲ್ಲವರೆಂದು ಅವರನ್ನು ಗಾಯಾಳುಗಳ ವಾರ್ಡಿನಲ್ಲಿ ಪತ್ರ ಬರೆದುಕೊಡಲು ಕೂರಿಸಿದರು.

ಅಲ್ಲಿ ಗದಗದ ಕಡೆಯ ಬಸಪ್ಪ ಎಂಬ ಸಿಪಾಯಿ ಇದ್ದ. ಇವರಿಗಿಂತ ಎರಡೋ ಮೂರೋ ವರ್ಷ ದೊಡ್ಡವನು. ಎರಡೂ ಕೈ ಮೊಣಕೈವರೆಗೆ ಹೋಗಿದ್ದವು. “ಬರೀರಿ ಅಕ್ಕಾರ, ‘ಅವ್ವಾ, ನಾ ಆರಾಮ ಅದೀನಿ, ಬೆರಳಿಗೆ ಸ್ವಲ್ಪ ಪೆಟ್ಟಾಗೇತಿ,’” ಎಂದು ಮೂರು ವಾರ ಒಂದೇ ಪತ್ರ ಬರೆಸಿದ. ನಾಲ್ಕನೆಯ ವಾರ ಒಂದು ದಿನ, “ಇವತ್ತು ಖರೇ ಬರೀರಿ,” ಎಂದ. ಅವನು ಹೇಳಿದ್ದನ್ನೆಲ್ಲ ಇವರು ಬರೆದುಕೊಂಡರು. ಅಂಚೆ ಡಬ್ಬಿಯ ಮುಂದೆ ನಿಂತಾಗ, ಈ ಪತ್ರ ಓದಿಸಿಕೊಂಡು ಕೇಳುವ ತಾಯಿಯ ಮುಖ ಕಣ್ಣಿಗೆ ಕಟ್ಟಿತು. ಪತ್ರವನ್ನು ಹರಿದುಹಾಕಿ, ಅಲ್ಲೇ ನಿಂತು ಇನ್ನೊಂದು ಬರೆದರು: ಆರಾಮ ಅದೀನಿ. ನಾಲ್ಕು ದಿನಕ್ಕೆ ಬಸಪ್ಪ ತೀರಿಕೊಂಡ.

“ಆಮೇಲೆ ಬರೀದೆ ಇರೋಕಾಗ್ಲಿಲ್ಲ,” ಎಂದರು ಮೇಡಂ. “ಆದ್ರೆ ಇಲ್ಲಿ ನಡೆದದ್ದನ್ನ ಇಲ್ಲೇ ನಡೆದ ಹಾಗೆ ಬರೆದ್ರೆ ಆ ಹುಡುಗರ ತಾಯಂದಿರು ಯಾರಾದ್ರೂ ಓದಿಬಿಟ್ರೆ? ಅದಕ್ಕೇ ಎಲ್ಲರನ್ನೂ ಶನಿಗ್ರಹದಾಚೆಗೆ ಕಳಿಸಿದೆ.”

ನಾನು ಏನೆಂದೆ ಗೊತ್ತೇ? ಶನಿಯಾಚೆಗೆ ಹೋಗಲು ರಾಕೆಟ್ಟಿಗೆ ಎಷ್ಟು ವರ್ಷ ಬೇಕೆಂದು ಲೆಕ್ಕ ಹೇಳಿದೆ.

ಆ ವರ್ಷ ಸಂಚಿಕೆಗೆ ಅವರೊಂದು ಕಥೆ ಕೊಟ್ಟರು. ದೂರದ ಉಪಗ್ರಹವೊಂದರಲ್ಲಿ ಯುದ್ಧ. ಅಲ್ಲಿನ ಸಂದೇಶ ಕೇಂದ್ರದಲ್ಲಿ ಒಬ್ಬ ಹುಡುಗಿ. ಗಾಯಗೊಂಡವರ ಮಾತನ್ನು ಭೂಮಿಗೆ ಕಳಿಸುವುದು ಅವಳ ಕೆಲಸ. ಒಬ್ಬನ ಸಂದೇಶವನ್ನು ಅವಳು ಬದಲಿಸಿ ಕಳಿಸುತ್ತಾಳೆ. ಕೊನೆಯ ಎರಡು ಪುಟಗಳಲ್ಲಿ ಅವಳು ಕೇಂದ್ರದಿಂದ ಹೊರಗೆ, ಗಾಳಿಯೇ ಇಲ್ಲದ ಬಯಲಿಗೆ ನಡೆದುಹೋಗಿ, ಕಳಿಸದೆ ಉಳಿದ ಆ ಸಂದೇಶವನ್ನು ಗಟ್ಟಿಯಾಗಿ ಹೇಳುತ್ತಾಳೆ.

ಗಾಳಿಯಿಲ್ಲದಲ್ಲಿ ಶಬ್ದ ಹರಡುವುದಿಲ್ಲ. ಎಂಟನೆಯ ತರಗತಿಯ ಪಾಠ. ಅಷ್ಟರಲ್ಲಿ ಕರಾವಳಿ ಕಡೆಯ ಹೋಟೆಲಿನವರೊಬ್ಬರು ಪೂರ್ತಿ ಪುಟದ ಜಾಹೀರಾತು ಕಳಿಸಿದ್ದರು, ಜಾಗ ಬೇಕಿತ್ತು. ಹೀಗೆ ವಿಜ್ಞಾನವೂ ಮಸಾಲೆ ದೋಸೆಯೂ ಒಂದಾಗಿ ನನ್ನ ಕೈಗೆ ಕತ್ತರಿ ಕೊಟ್ಟವು; ಕೊನೆಯ ಎರಡು ಪುಟ ತೆಗೆದುಹಾಕಿದೆ. ಮೇಡಂಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಆ ಎರಡು ಹಾಳೆಗಳ ಹಿಂಬದಿ ಖಾಲಿ ಇತ್ತು. ಅದರ ಮೇಲೆ ನನ್ನ ಪ್ರಬಂಧದ ಲೆಕ್ಕ ಮಾಡಿದೆ. ಲೆಕ್ಕ ತಪ್ಪಾಯಿತು. ಹಾಳೆಗಳು ರದ್ದಿಯ ಜೊತೆ ಹಳೆ ಸಾಮಾನು ಕೊಳ್ಳುವ ಕಬಾಡಿ ಭಯ್ಯಾನ ಗಾಡಿ ಸೇರಿದವು.

ಸಂಚಿಕೆ ಬಿಡುಗಡೆಯ ದಿನ ಮೇಡಂ ತಮ್ಮ ಕಥೆಯ ಪುಟ ತೆರೆದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಬಳಿ ಬಂದರು.

“ಕೊನೆ ಎಲ್ಲಿ?”

“ಅದು... ನಿರ್ವಾತದಲ್ಲಿ ಯಾರಿಗೂ ಕೇಳಿಸಲ್ಲ ಮೇಡಂ. ಅವೈಜ್ಞಾನಿಕ ಆಗ್ತಿತ್ತು.”

“ಕೇಳಿಸಲ್ಲ ಅಂತ ನಂಗೆ ಗೊತ್ತು ಕಣಪ್ಪಾ. ಅದಕ್ಕೇ ಅವಳನ್ನ ಅಲ್ಲಿಗೆ ಕಳಿಸಿದ್ದು. ಬಸಪ್ಪನ ಪತ್ರ ಅದರಲ್ಲಿತ್ತು. ಇಷ್ಟು ವರ್ಷಕ್ಕೆ ಒಂದೇ ಸಲ ಬರೆಯೋಕಾಯ್ತು. ಆ ಹಾಳೆಗಳನ್ನ ಕೊಟ್ಟುಬಿಡು, ಅಷ್ಟು ಸಾಕು,” ಎಂದರು.

ಹಾಳೆಗಳು ಏನಾದವೆಂದು ಹೇಳಿದೆ. ಅವರು ಬೈಯಲಿಲ್ಲ. ಸಂಚಿಕೆಯನ್ನು ಚೀಲಕ್ಕೆ ಹಾಕಿಕೊಂಡು, ತಿಂಡಿಯನ್ನೂ ಮುಟ್ಟದೆ ಹೊರಟುಹೋದರು. ಶ್ರವಣ ಎಂಬ ಹೆಸರನ್ನು ಅನಂತರ ನಾನು ಎಲ್ಲಿಯೂ ಅಚ್ಚಿನಲ್ಲಿ ಕಾಣಲಿಲ್ಲ.

ಇಷ್ಟು ವರ್ಷವೂ ಇಬ್ಬರೂ ಇದ್ದದ್ದು ಇದೇ ಊರಿನಲ್ಲಿ. ಆದರೆ ದೆಹಲಿಯಲ್ಲಿ ದೂರ ಎಂಬುದಕ್ಕಿಂತ ಒಳ್ಳೆಯ ನೆಪ ಇಲ್ಲ. ಟ್ರಾಫಿಕ್ಕನ್ನು ಬೈದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಈ ಸಲ ಮಾತ್ರ ಹಳೆಯ ಪರಿಚಯದವರೊಬ್ಬರಿಂದ ವಿಳಾಸ ಪಡೆದು, ಕೈಯನ್ನು ಕೊರಳಿಗೆ ತೂಗಿಕೊಂಡೇ ಕ್ಯಾಬ್ ಹಿಡಿದು ಮಯೂರ ವಿಹಾರಕ್ಕೆ ಹೋದೆ. ಇಪ್ಪತ್ತು ನಿಮಿಷದ ದಾರಿ.

ಬಾಗಿಲು ತೆರೆದವರು ಮೇಡಂ ಅವರೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದರು. “ಏನಪ್ಪಾ ಸಂಪಾದಕ, ಕತ್ತರಿ ಹಿಡಿಯೋ ಕೈಯನ್ನೇ ಮುರ್ಕೊಂಡ್ಯಾ?” ಎಂದರು. ಕೊಂಕಿರಲಿಲ್ಲ, ಅದೇ ಹಳೆಯ ತಮಾಷೆ. ಚಹಾ ಮಾಡಿದರು. ಎಡಗೈಯಲ್ಲಿ ಲೋಟ ಹಿಡಿದು, ಕ್ಯಾಬಿನಲ್ಲಿ ಹತ್ತು ಬಾರಿ ಅಭ್ಯಾಸ ಮಾಡಿದ್ದ ಮಾತನ್ನು ಹೇಳಿದೆ. ತಪ್ಪು ಮಾಡಿದೆ ಎಂದೆ. ಆ ಪುಟಗಳಿಂದ ಒಂದು ವಾಕ್ಯ ಮಾತ್ರ ನನ್ನಲ್ಲಿ ಉಳಿದಿದೆ, ಅದನ್ನಾದರೂ ಹಿಂದಿರುಗಿಸಲು ಬಂದೆ ಎಂದೆ. ‘ಅವ್ವಾ, ನನಗಿಂತ ಮೊದಲು ನನ್ನ ಕೈಗಳು ಮಣ್ಣಿಗೆ ಹೋದವು.’

ಮೇಡಂ ತಲೆಯಾಡಿಸಿದರು. “ಅದು ನನ್ನ ವಾಕ್ಯ ಕಣೋ. ಕಥೆಗೆ ಅಂತ ಸೇರಿಸಿದ್ದು. ಅವನು ಹಾಗೆಲ್ಲ ಮಾತಾಡೋನಲ್ಲ, ಸೀದಾ ಸಾದಾ ಹುಡುಗ.”

ಲೋಟವನ್ನು ಕೆಳಗಿಟ್ಟೆ.

“ಅವನ ಮಾತು ಅದರ ಮುಂದಿನದು,” ಎಂದು ಅವರು ಮುಂದಕ್ಕೆ ಬಾಗಿದರು. “ಬರೆದಾದ ಮೇಲೆ ತಲೆಯಿಂದ ಇಳಿದುಹೋಯ್ತು. ಕಾಗದದಲ್ಲಿದೆ, ಇನ್ನು ನಾನು ಹೊತ್ಕೊಳ್ಳೋದು ಬೇಡ ಅಂತ ಬಿಟ್ಟುಕೊಟ್ಟೆ ಅನ್ಸುತ್ತೆ. ಊಟದ ವಿಷಯ ಏನೋ ಇತ್ತು. ‘ಅವ್ವಾ, ನೀನೇ ಉಣಿಸಬೇಕು’ ಅಂದನೋ, ‘ನೀ ಉಣಿಸೋದು ನನಗ ಬ್ಯಾಡ’ ಅಂದನೋ. ಎಷ್ಟು ಯೋಚಿಸಿದ್ರೂ ಈಗ ಎರಡೂ ಅವನ ದನಿಯಲ್ಲೇ ಕೇಳಿಸುತ್ತೆ.”

ಅವರ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ.

“ಯಾವುದು? ನಾನು ಬಿಟ್ರೆ ಅದನ್ನ ಓದಿದೋನು ನೀನೊಬ್ಬನೇ.”