ಸಾಹೇಬರು ಬಂದ ದಿನ ರಜೆ ಸಿಕ್ಕ ಮಕ್ಕಳು

ನಾನು ಮಾಸ್ತರಿಕೆಗೆ ಸೇರಿದ್ದು ನಿಜಾಮರ ಕಾಲದಲ್ಲಿ, ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹನುಮಸಾಗರದಿಂದ ಗಾಡಿ ಹಾದಿಯಲ್ಲಿ ಅರ್ಧ ದಿನ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಇವತ್ತಿಗೂ ನನ್ನನ್ನು ಬೈದಾರು, ಇಲ್ಲವೇ ಕರೆದು ಹೋಳಿಗೆ ಬಡಿಸಿಯಾರು. ಎರಡಕ್ಕೂ ನಾನು ಯೋಗ್ಯನಲ್ಲ.

ಸರ್ಕಾರಿ ಸಾಲೆ ಎಂದರೆ ಊರ ಚಾವಡಿಯ ಒಂದು ಭಾಗ. ಪಾಠವೆಲ್ಲ ಉರ್ದುವಿನಲ್ಲಿ, ಮಕ್ಕಳ ಅಳುವೆಲ್ಲ ಕನ್ನಡದಲ್ಲಿ. ನನಗೆ ಇಪ್ಪತ್ತೊಂದು ವರ್ಷ, ಲೋಕವೆಲ್ಲ ತಿಳಿದಿದೆ ಎಂಬ ಧಿಮಾಕು. ಹೆಡ್ ಮಾಸ್ತರರು ಮಾತ್ರ ವಯಸ್ಸಾದವರು, ದೇವರಂಥ ಮನುಷ್ಯ. ಅವರು ಹುಲಿಗೆ ಹೆದರುತ್ತಿದ್ದರೋ ಇಲ್ಲವೋ, ಸಾಹೇಬರ ದೌರೆಗೆ, ಅಂದರೆ ತಪಾಸಣೆಯ ಭೇಟಿಗೆ, ಹೆದರುತ್ತಿದ್ದರು. ಹಿಂದೊಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕಜ್ಜಿ ಹತ್ತಿದ ಹುಡುಗನನ್ನು ಕಂಡು, ಎಲ್ಲರೆದುರು ಇವರಿಗೆ ಛೀಮಾರಿ ಹಾಕಿದ್ದರಂತೆ. ಅಂದಿನಿಂದ ದೌರೆ ಎಂದ ಕೂಡಲೆ ಸಾಲೆಗೆ ಮದುವೆ ಮನೆಯ ಕಳೆ. ನೆಲ ಸಾರಿಸಿ, ತೋರಣ ಕಟ್ಟಿ, ಒಳ್ಳೆಯ ಅಂಗಿಯವರನ್ನು ಮುಂದೆ ಕೂಡಿಸಿ, ಸುಂಬಳ ಸುರಿಸುವವರಿಗೆ ರಜೆ ಕೊಡುವುದು. ಇದು ಆ ಸೀಮೆಯ ಎಲ್ಲ ಸಾಲೆಗಳ ಪದ್ಧತಿ. ಹೆಣ್ಣು ನೋಡಲು ಬಂದವರಿಗೆ ಯಾರಾದರೂ ಹರಕು ಚಾಪೆ ಹಾಸುತ್ತಾರೆಯೇ?

ಊರಿಗೆ ಇದ್ದದ್ದು ಒಂದೇ ಬಾವಿ, ಮೆಟ್ಟಿಲಿನದು. ಕೊಡ ತುಂಬುವವರು ಮೊಣಕಾಲ ಮಟ್ಟ ನೀರಿಗಿಳಿಯಬೇಕು. ಸಾಲೆಯ ಮಕ್ಕಳು ಕುಡಿಯುತ್ತಿದ್ದದ್ದೂ ಅದೇ ನೀರು. ಬೇಸಿಗೆ ಹತ್ತಿರವಾದಂತೆ ಊರಿನಲ್ಲಿ ನಾರುಹುಣ್ಣು ಏಳುತ್ತಿತ್ತು. ಕಾಲಿನಲ್ಲಿ ಗುಳ್ಳೆ ಬಂದು ಒಡೆದು, ಒಳಗಿನಿಂದ ಬಿಳಿಯ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಎಳೆಯಬೇಕು. ಉರಿ ತಾಳದೆ ಮಕ್ಕಳು ಹೋಗಿ ಕಾಲಿಡುತ್ತಿದ್ದದ್ದೂ ಅದೇ ಬಾವಿಯಲ್ಲಿ. ಹುಳ ಆ ನೀರಿನಲ್ಲಿ ಮರಿ ಬಿಡುತ್ತಿತ್ತು, ಅದನ್ನು ಕುಡಿದವರಿಗೆ ಮರುವರ್ಷ ನಾರು; ರೋಗ ಹೀಗೆ ವರ್ಷದಿಂದ ವರ್ಷಕ್ಕೆ ಸುತ್ತುತ್ತಿತ್ತು. ನಮಗೆ ಅದು ಹಣೆಬರಹವಾಗಿತ್ತು.

ನನ್ನ ಎರಡನೆಯ ವರ್ಷ ಹುಕುಂ ಬಂತು. ಜಿಲ್ಲೆಯ ಡಾಕ್ಟರ್ ಸಾಹೇಬರು ಸಾಲೆಯ ಮಕ್ಕಳ ಆರೋಗ್ಯ ನೋಡಲು ಬರುತ್ತಾರೆ, ಅಷ್ಟೆ. ಯಾಕೆ ಎಂದು ಅದರಲ್ಲಿ ಬರೆದಿರಲಿಲ್ಲ. ಹೆಡ್ ಮಾಸ್ತರರು ನನ್ನನ್ನು ಕರೆದು ಹೇಳಿದರು, "ಕುಂಟೂ ಹುಡುಗರು ಒಬ್ರೂ ಕಾಣಬಾರ್ದು ನೋಡ್ರಿ. ಸಾಲಿ ಮರ್ಯಾದಿ ನಿಮ್ಮ ಕೈಯಾಗ ಐತಿ."

ನಾನು ಆ ಕೆಲಸವನ್ನು ಭಾಳ ಚೊಕ್ಕಟವಾಗಿ ಮಾಡಿದೆ. ಏಳು ಮಕ್ಕಳನ್ನು ಆರಿಸಿ ಮನೆಗೆ ಕಳಿಸಿದೆ. ಅವರಲ್ಲಿ ಒಬ್ಬಳು ಪಾತ್ರೆಗೆ ಕಲಾಯಿ ಹಾಕುವವರ ಮಗಳು, ಎಂಟು ವರ್ಷದವಳು, ಮನೆಯಲ್ಲಿ ಒಬ್ಬ ಪುಟ್ಟ ತಮ್ಮ. ಮನೆ ಮಾತು ಉರ್ದುವಾದ್ದರಿಂದ ಇಡೀ ಸಾಲೆಯಲ್ಲಿ ಅವಳಷ್ಟು ಸೊಗಸಾಗಿ ಓದುವವರಿರಲಿಲ್ಲ. ಯಾವ ಸಾಹೇಬರು ಬಂದರೂ ಮೊದಲು ಎದ್ದು ನಿಲ್ಲುವವಳು ಅವಳೇ. ಆ ವರ್ಷ ಅವಳ ಮೊಣಕಾಲಿನಲ್ಲಿ ನಾರು ಎದ್ದಿತ್ತು.

"ಕೂತ ಓದ್ತೀನ್ರಿ ಮಾಸ್ತರ. ಕಾಲು ಕಾಣಂಗಿಲ್ಲ" ಎಂದಳು.

"ಇವತ್ತ ಬ್ಯಾಡವಾ. ನೀ ಶಾಣ್ಯಾಕಿ ಅದಿ. ಮನ್ಯಾಗ ಕುಂದ್ರು, ಸಾಲಿಗೆ ಛಲೋ ಆಗತೈತಿ" ಎಂದೆ. ಸಾಲೆಗೆ ಒಳ್ಳೆಯದಾಗುತ್ತದೆ ಎಂದ ಮೇಲೆ ಅವಳು ಪಾಟಿ-ಪುಸ್ತಕ ಎತ್ತಿಕೊಂಡಳು. ಗೋಡೆ ಹಿಡಿದು ಹೋದಳು.

ಡಾಕ್ಟರ್ ಸಾಹೇಬರು ಹೈದರಾಬಾದಿನವರು, ಮೃದು ಮಾತಿನವರು. ಮಕ್ಕಳ ಕಣ್ಣು, ನಾಲಿಗೆ, ಕಾಲು ಎಲ್ಲ ನೋಡಿದರು. ನಾರು ಯಾರಿಗಾದರೂ ಇದೆಯೇ ಎಂದಾಗ, ನಾನು ಕಲಿಸಿದಂತೆ ಮಕ್ಕಳೆಲ್ಲ ಒಂದೇ ರಾಗದಲ್ಲಿ "ನಹೀ ಸಾಬ್" ಎಂದವು. ಅವರು ಸಂತೋಷದಿಂದ ಭೇಟಿಯ ಪುಸ್ತಕದಲ್ಲಿ ಹಾಗೇ ಬರೆದರು. ಗಾಡಿ ಹತ್ತುವಾಗ ಹೇಳಿದರು: ನಾರು ಇರುವ ಸಾಲೆಗಳಿಗೆ ಸರ್ಕಾರದಿಂದ ಮಂಜೂರಿ ಇದೆ, ಔಷಧ, ಪಟ್ಟಿ, ಬಾವಿಯ ಮೆಟ್ಟಿಲು ಮುಚ್ಚಿ ನೀರು ಸೇದುವ ಗಡಗಡಿ ಹಾಕಿಸುವ ಖರ್ಚು ಎಲ್ಲ, ನಿಮಗೆ ಅದರ ಅಗತ್ಯವಿಲ್ಲ, ಪುಣ್ಯವಂತರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಾನು ಹುಣ್ಣನ್ನೇ ಮನೆಗೆ ಕಳಿಸಿ ಅಂಗೈ ತೋರಿಸಿದ್ದೆ. ಆ ಹುಡುಗಿ ನಾಲ್ಕು ಮನೆ ಆಚೆ ಕೂತಿದ್ದಳು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹೆಡ್ ಮಾಸ್ತರರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಗಾಡಿ ಹೋಯಿತು. ನನ್ನ ಜೀವನದಲ್ಲಿ ನಾನು ಮಾಡಿದ ಹೇಡಿತನಗಳು ಹಲವು ಇವೆ, ಆದರೆ ನೆನೆದರೆ ಇಂದಿಗೂ ಮೈ ಉರಿಯುವುದು ಇದೊಂದಕ್ಕೆ.

ವಾರದೊಳಗೆ ಅವಳ ತಾಯಿ ಸುತ್ತುತ್ತಿದ್ದ ನಾರು ನಡುವೆ ಕಡಿದುಹೋಯಿತು. ಕಡಿದ ನಾರು ಒಳಗೆ ಸೇರಿದರೆ ಕೀವಾಗುತ್ತದೆ. ಮೊಣಕಾಲು ಕುಂಬಳಕಾಯಿಯಾಯಿತು. ಎರಡು ತಿಂಗಳು ಹಾಸಿಗೆ ಹಿಡಿದು ಎದ್ದಾಗ ಕಾಲು ಮಡಿಚಿದಂತೆಯೇ ಉಳಿದಿತ್ತು. ಆದರೂ ಸಾಲೆ ಬಿಡಲಿಲ್ಲ, ಕೋಲು ಊರಿಕೊಂಡು ಬರುತ್ತಿದ್ದಳು. ಅವಳ ತಾಯಿ ನನ್ನನ್ನು ಕಂಡಾಗಲೆಲ್ಲ ಸೆರಗು ಸರಿಪಡಿಸಿಕೊಂಡು "ಆರಾಮ ಅದೀರೇನ್ರಿ ಮಾಸ್ತರ" ಎಂದು ಕೇಳುತ್ತಿದ್ದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುವರ್ಷ ಅದೇ ಡಾಕ್ಟರು ಬಂದರು. ಕೆಟ್ಟ ಮೇಲೆ ಬುದ್ಧಿ ಬಂದಿತ್ತಲ್ಲ, ಈ ಸಲ ನಾನು ನಾರು ಎದ್ದವರನ್ನೆಲ್ಲ, ಆ ಹುಡುಗಿಯನ್ನೂ ಸೇರಿಸಿ, ಮೊದಲ ಸಾಲಿನಲ್ಲಿ ಕೂಡಿಸಿದೆ. ಹೆಡ್ ಮಾಸ್ತರರು ಬೇಡವೆನ್ನಲಿಲ್ಲ, ತಲೆ ತಗ್ಗಿಸಿ ನಿಂತರು. ಹೋದ ವರ್ಷದ ಸುಳ್ಳನ್ನು ಬಾಯಿಬಿಟ್ಟು ಹೇಳದೆ ದಾಟಿಕೊಳ್ಳಬಹುದು ಎಂಬುದು ನನ್ನ ಲೆಕ್ಕ. ಹೇಳಿದರೆ ನೌಕರಿ ಹೋಗುತ್ತದೆ ಎಂಬ ಹೆದರಿಕೆ.

ಡಾಕ್ಟರು ಪುಸ್ತಕ ತೆರೆದು ತಮ್ಮದೇ ಬರಹ ಓದಿದರು. ಮಕ್ಕಳನ್ನು ನೋಡಿದರು. ಆಮೇಲೆ ಆ ಹುಡುಗಿಯ ಮೊಣಕಾಲು ಹಿಡಿದು ಮೆಲ್ಲಗೆ ಅಲುಗಿಸಿ, ಇದು ಈ ವರ್ಷದ್ದಲ್ಲ ಎಂದರು. "ಹೋದ ವರ್ಷ ನಾನು ಬಂದಾಗ ನೀನು ಎಲ್ಲಿದ್ದೆ ಬೇಟಾ?" ಎಂದು ಉರ್ದುವಿನಲ್ಲಿ ಕೇಳಿದರು.

ಅವಳು ನನ್ನ ಕಡೆ ನೋಡಲೂ ಇಲ್ಲ. ಓದುವಾಗಿನ ಅದೇ ಸ್ಪಷ್ಟ ದನಿಯಲ್ಲಿ ಹೇಳಿದಳು, "ಘರ್ ಮೇ ಕಾಮ್ ಥಾ ಸಾಬ್. ಮೈ ಖುದ್ ನಹೀ ಆಯಿ." ಮನೆಯಲ್ಲಿ ಕೆಲಸವಿತ್ತಂತೆ, ತಾನಾಗಿಯೇ ಬರಲಿಲ್ಲವಂತೆ.

ನನಗೆ ತಡೆಯಲಾಗಲಿಲ್ಲ. "ಆಕಿ ಸುಳ್ಳ ಹೇಳಾಕತ್ಯಾಳ್ರಿ ಸಾಹೇಬರ. ನಾನ ಕಳಿಸಿದ್ದೆ. ಏಳೂ ಮಂದೀನ್ನ ನಾನ ಕಳಿಸಿದ್ದೆ" ಎಂದೆ. ಉರ್ದು ಎಲ್ಲ ಮರೆತುಹೋಗಿತ್ತು, ಸಾಹೇಬರಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಹೆಡ್ ಮಾಸ್ತರರು ಮುಂದೆ ಬಂದು "ಹೇಳಿದಾವ ನಾನ್ರಿ" ಎಂದರು. ಡಾಕ್ಟರು ಹಳೆಯ ಬರಹದ ಕೆಳಗೆ ಹೊಸದಾಗಿ ಬರೆದರು. ನಮ್ಮಿಬ್ಬರ ಬಗ್ಗೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಹೋಗುವ ಮೊದಲು ನನ್ನನ್ನು ಆಚೆ ಕರೆದು, ಬಾವಿಗೆ ಮಂಜೂರಿ ಬರುತ್ತದೆ ಎಂದರು. ಆ ಹುಡುಗಿಯ ಕೀಲು ಬಿಗಿದುಬಿಟ್ಟಿದೆ, ಒಂದು ವರ್ಷ ಮೊದಲಾಗಿದ್ದರೆ ಉಳಿಸಬಹುದಿತ್ತು ಎಂದರು.

ಸಾಲೆ ಬಿಟ್ಟ ಮೇಲೆ ಅವಳೊಬ್ಬಳೇ ಬಾಗಿಲಲ್ಲಿ ನಿಂತಿದ್ದಳು.

"ಈಗರ ನನ್ನ ಕಾಲಿಗೆ ಔಷಧ ಕೊಡ್ತಾರೇನ್ರಿ ಮಾಸ್ತರ?"

ಹೌದು ಎನ್ನುವುದು ಎಷ್ಟು ಸುಲಭವಿತ್ತು. "ಇಲ್ಲವಾ" ಎಂದೆ. "ನಿನ್ನ ಕಾಲು ಇನ್ನ ಹಿಂಗ ಇರತೈತಿ. ಬಾವಿ ಕಟ್ಟಿಸ್ತಾರ. ನಿನ್ನ ತಮ್ಮಗ ನಾರು ಏಳಂಗಿಲ್ಲ."

"ಹಂಗಾರ ಮುಂದಿನ ವರ್ಷ ಸಾಹೇಬರು ಬಂದಾಗ ನಾ ನಿಂತ ಓದಲೇನ್ರಿ?" ಎಂದು ಕೇಳಿದಳು.